ಯಾವ ಖಾತೆಗೆ?

ಕಳೆದ ಬೇಸಿಗೆಯಲ್ಲಿ ಶಿವಮೊಗ್ಗದಿಂದ ಬಂದಿದ್ದ ಅಮ್ಮನಿಗೆ ಸಮುದ್ರ ತೋರಿಸಲೆಂದು ಲಂಡನ್ನಿನಿಂದ ಬ್ರೈಟನ್‌ಗೆ ರೈಲಿನಲ್ಲಿ ಕರೆದುಕೊಂಡು ಹೋದೆ. ನಮ್ಮ ಮಲ್ಪೆಯ ಹಾಗೆ ಅಲ್ಲಿ ಮರಳಿಲ್ಲ, ತೀರದ ತುಂಬ ಉರುಟು ಕಲ್ಲುಗಳು. 1899ರಲ್ಲಿ ತೆರೆದ ಪಿಯರ್ ಮೇಲೆ ಓಡಾಡಿ, ರಾಯಲ್ ಪೆವಿಲಿಯನ್ ಕಡೆ ನಡೆದೆವು.

ಗುಮ್ಮಟಗಳನ್ನು ಕಂಡ ಅಮ್ಮ, "ನಮ್ಮ ಕಡೆಯ ಅರಮನೇನ ತಂದು ಇಟ್ಟ ಹಾಗಿದೆಯಲ್ಲೋ" ಎಂದಳು. ಮುಂದೆ ನಾಲ್ಕನೇ ಜಾರ್ಜ್ ದೊರೆಯಾದ ರಾಜಕುಮಾರನ ವಿಲಾಸದ ಮನೆ ಅದು. ಜಾನ್ ನ್ಯಾಶ್ ಎಂಬ ವಾಸ್ತುಶಿಲ್ಪಿ ಅದಕ್ಕೆ ಈ ರೂಪ ಕೊಟ್ಟ. ನೂರು ವರ್ಷದ ನಂತರ, 1914ರ ಡಿಸೆಂಬರಿನಿಂದ 1916ರ ಆರಂಭದವರೆಗೆ, ಫ್ರಾನ್ಸಿನ ಯುದ್ಧರಂಗದಲ್ಲಿ ಗಾಯಗೊಂಡ ಭಾರತೀಯ ಸಿಪಾಯಿಗಳಿಗೆ ಅದೇ ಆಸ್ಪತ್ರೆಯಾಯಿತು. ಒಂಬತ್ತು ಅಡುಗೆಮನೆಗಳು, ಹಿಂದೂಗಳಿಗೂ ಮುಸ್ಲಿಮರಿಗೂ ಬೇರೆ ಬೇರೆ ನಲ್ಲಿಗಳು, ತೋಟದಲ್ಲಿ ಸಿಖ್ಖರಿಗೆ ಗುರುದ್ವಾರದ ಡೇರೆ. ಇದನ್ನು ಹೇಳಿದಾಗ ಅಮ್ಮ "ಪುಣ್ಯಾತ್ಮರು" ಎಂದಳು. ಗುಣವಾದ ಅನೇಕರನ್ನು ಮತ್ತೆ ಯುದ್ಧಕ್ಕೇ ಕಳಿಸಿದರೆಂಬುದನ್ನೂ ಹೇಳಿದೆ. ಅವಳು ಸುಮ್ಮನಾದಳು.

ಲೆಕ್ಕ ಬರೆಯುವುದು ನನ್ನ ಕಸುಬು. ಈ ಖರ್ಚು ಯಾವ ಖಾತೆಗೆ ಸೇರಬೇಕು? ಯಂತ್ರ ಮತ್ತೆ ಓಡಲೆಂದು ಮಾಡಿದ ಖರ್ಚು ರಿಪೇರಿಯೇ ಹೊರತು ದಾನವಲ್ಲ. ಹಾಗಾದರೆ ನಡುರಾತ್ರಿ ಎದ್ದು ಸಿಪಾಯಿಗೆ ನೀರು ಕುಡಿಸಿದವರ ಕರುಣೆಯೂ ರಿಪೇರಿಯೇ?

ಪ್ರಶ್ನೆ ಸಿಪಾಯಿಗಳದ್ದಷ್ಟೇ ಆಗಿರಲಿಲ್ಲ. ಅಪ್ಪ ಕೊನೆಯ ಸಲ ಮಲಗಿದಾಗ ಆಸ್ಪತ್ರೆಯ ಬಿಲ್ಲನ್ನೆಲ್ಲ ನಾನು ಇಲ್ಲಿಂದಲೇ ಕಟ್ಟಿದೆ. ನೋಡಿಕೊಳ್ಳಲು ಒಬ್ಬ ಹುಡುಗನನ್ನೂ ಗೊತ್ತು ಮಾಡಿದೆ. ಮಾರ್ಚ್ ಕೊನೆಯ ಲೆಕ್ಕ ಮುಗಿಯಲಿ ಎನ್ನುತ್ತ ನಾನು ಮಾತ್ರ ಹೋಗಲಿಲ್ಲ. ಕಳಿಸಿದ ಹಣ ಪ್ರೀತಿಯೋ, ಹೋಗದಿದ್ದುದಕ್ಕೆ ತೆತ್ತ ದಂಡವೋ?

ಬೆಂಚಿನ ಮೇಲೆ ಕುಳಿತು ಅಮ್ಮನನ್ನೇ ಕೇಳಿದೆ. ಅವಳು ಸ್ವಲ್ಪ ಹೊತ್ತು ಬಿಟ್ಟು, "ಆ ಹುಡುಗ ದಿನಾ ಗಡ್ಡ ಮಾಡ್ತಿದ್ದ. ನಿಮ್ಮಪ್ಪ ಕನ್ನಡಿ ನೋಡ್ಕೊಂಡು ಖುಷಿ ಪಡೋರು" ಎಂದಳು. ಆಮೇಲೆ, "ಬಾಗಿಲನ್ನೂ ನೋಡೋರು" ಎಂದಳು.

ನಮ್ಮ ಶಾಸ್ತ್ರದಲ್ಲಿ ಒಂದು ನಿಯಮವಿದೆ. ಆಸ್ತಿಯನ್ನೂ ಸಾಲವನ್ನೂ ಒಂದರಲ್ಲೊಂದು ಕಳೆದು, ಉಳಿದದ್ದನ್ನಷ್ಟೇ ತೋರಿಸುವ ಹಾಗಿಲ್ಲ. ಎರಡನ್ನೂ ಪೂರ್ತಿಯಾಗಿ ಬರೆಯಬೇಕು. ಇಪ್ಪತ್ತು ವರ್ಷ ಅನ್ನ ಕೊಟ್ಟ ಆ ನಿಯಮ ಅಮ್ಮನ ಎರಡು ಮಾತಿನಲ್ಲಿ ಅರ್ಥವಾಯಿತು. ನೀರು ಕುಡಿಸಿದವರ ಕರುಣೆ ನಿಜ, ಮತ್ತೆ ಯುದ್ಧಕ್ಕೆ ಕಳಿಸಿದ ಅನ್ಯಾಯವೂ ನಿಜ. ಕನ್ನಡಿಯಿಂದ ಬಾಗಿಲಿನ ಬಾಕಿ ತೀರುವುದಿಲ್ಲ. ಬಾಕಿಯಿದೆಯೆಂದು ಕನ್ನಡಿಯ ಸಂತೋಷ ಸುಳ್ಳಾಗುವುದೂ ಇಲ್ಲ.

ಇನ್ನೊಂದು ಭಾನುವಾರ ನಾನೊಬ್ಬನೇ ಊರ ಹೊರಗಿನ ಗುಡ್ಡ ಹತ್ತಿದೆ. ಬ್ರೈಟನ್ನಿನ ಆಸ್ಪತ್ರೆಗಳಲ್ಲಿ ತೀರಿಕೊಂಡ 53 ಹಿಂದೂ ಮತ್ತು ಸಿಖ್ ಸಿಪಾಯಿಗಳನ್ನು ದಹನ ಮಾಡಿದ ಜಾಗ ಅದು. ಅಲ್ಲಿ ಅಮೃತಶಿಲೆಯ ಛತ್ರಿ ಎದ್ದದ್ದು 1921ರಲ್ಲಿ. ಅವರ ಹೆಸರುಗಳನ್ನು ಪಕ್ಕದ ಕಲ್ಲಿನಲ್ಲಿ ಕೆತ್ತಿದ್ದು 2010ರಲ್ಲಿ. ತಡವಾಗಿಯಾದರೂ ಬರೆದರು. ಒಂದೊಂದೇ ಹೆಸರನ್ನು ಓದಿ ಮುಗಿಸಿ, ಅಪ್ಪನ ಹೆಸರನ್ನೂ ಒಮ್ಮೆ ಹೇಳಿಕೊಂಡು ಗುಡ್ಡ ಇಳಿದೆ.