ಈ ಹೊತ್ತು ಎಲ್ಲರ ಮನೆಗೂ ಬರಲಿ

ಶರಣಬಸವಾ, ಕಲಬುರಗಿಯ ಅಪ್ಪಾ, ನಿನ್ನ ಊರಿನ ಗಾಜಿಪುರದ ಓಣಿಯಲ್ಲಿ ಕೂತು ನಿನಗೆ ಈ ನಿವೇದನೆ ಒಪ್ಪಿಸುತ್ತಿದ್ದೇನೆ. ಬೇಡುವ ಮೊದಲು ನಮ್ಮ ನಡುವೆ ಓಡಾಡುವ ಒಂದು ಮಾತನ್ನು ನಿನ್ನ ಮುಂದೆ ಇಡುತ್ತೇನೆ. ಕಟ್ಟೆಯ ಮೇಲಾಗಲಿ, ಮದುವೆಯ ಹಂದರದಲ್ಲಾಗಲಿ, ನಾಲ್ಕು ಮಂದಿ ಹಿರಿಯರು ಸೇರಿದರೆ ಆ ಮಾತು ಬಂದೇ ಬರುತ್ತದೆ: ‘ಆಗಿನ ಕಾಲ ಛಲೋ ಇತ್ತು ನೋಡ್ರಿ, ಈಗೇನ್ ಉಳದದ?’ ಕಿರಿಯರು ಹೂಂಗುಟ್ಟುತ್ತಾರೆ. ಆಗಿನ ಕಾಲವನ್ನು ಅವರು ಕಂಡಿಲ್ಲ, ನೀನು ಕಂಡಿದ್ದಿ. ಅದಕ್ಕೇ ನಿನ್ನನ್ನು ಕೇಳುತ್ತೇನೆ: ಛಲೋ ಇತ್ತೇ ತಂದೆ? ಯಾರಿಗೆ ಛಲೋ ಇತ್ತು?

ನೀನು ಅರಳಗುಂಡಗಿಯಲ್ಲಿ ಹುಟ್ಟಿದ್ದು 1746ರಲ್ಲಿ, ಕಲಬುರಗಿಯಲ್ಲಿ ಬಯಲಾದದ್ದು 1822ರಲ್ಲಿ. ನಿನಗೆ ನಲವತ್ತೈದರ ಆಸುಪಾಸು ಇದ್ದಾಗ, 1791-92ರಲ್ಲಿ, ದಖ್ಖನ್ನಿನ ಮೇಲೆ ಡೋಗಿ ಬರ ಬಿತ್ತು. ಸತ್ತವರನ್ನು ಮಣ್ಣು ಮಾಡುವವರೂ ಉಳಿಯದೆ ಬಯಲಲ್ಲಿ ಬಿದ್ದ ತಲೆಬುರುಡೆಗಳೇ ಆ ಬರಕ್ಕೆ ಹೆಸರು ಕೊಟ್ಟವು. ತೆನೆಗೆ ಬಂದ ಹಕ್ಕಿಗಳನ್ನು ಓಡಿಸಬೇಡಿ, ತಿನ್ನಲಿ ಎಂದು ನೀನು ಹೊಲ ಬಿಟ್ಟುಕೊಟ್ಟ ಕಥೆಯನ್ನು ನಮ್ಮ ಮನೆಗಳಲ್ಲಿ ಇಂದಿಗೂ ಮಕ್ಕಳಿಗೆ ಹೇಳುತ್ತಾರೆ. ಅದನ್ನು ಹೊಟ್ಟೆ ತುಂಬಿದ ಕಾಲದ ಕಥೆಯೆಂದು ಕೇಳಿದರೆ ನಿನ್ನನ್ನು ಅರಿಯದೆ ಹೋದಂತೆ. ಒಂದೊಂದು ಕಾಳಿಗೂ ಜೀವದ ಬೆಲೆ ಇದ್ದ ಕಾಲದಲ್ಲಿ ನೀನು ಕೈ ಬಿಚ್ಚಿದೆ. ನಿನ್ನ ದಾಸೋಹ ಸುಭಿಕ್ಷದ ಕೂಸಲ್ಲ, ಹಸಿವಿಗೆ ಎದುರಾಗಿ ನಿಂತದ್ದು. ಕಾಲ ಛಲೋ ಇದ್ದಿದ್ದರೆ ನೀನು ಅಷ್ಟು ಒಲೆ ಹೂಡಬೇಕಿರಲಿಲ್ಲ.

ನಮ್ಮ ಆಯಿ ಕಮಲಾಪುರದ ಕಡೆಯವಳು. ಮಕ್ಕಳೆಷ್ಟು ಎಂದರೆ ಉಳಿದವರ ಹೆಸರಷ್ಟೇ ಹೇಳುತ್ತಿದ್ದಳು. ಹೋದವರ ಬಗ್ಗೆ ಕೇಳಿದರೆ ‘ಅವು ದೇವರ ಪಾಲು’ ಎಂದು ರೊಟ್ಟಿ ಬಡಿಯುವುದನ್ನು ಮುಂದುವರಿಸುತ್ತಿದ್ದಳು. ಆ ದುಃಖ ಅವಳೊಬ್ಬಳದಲ್ಲ. ಸ್ವಾತಂತ್ರ್ಯ ಬಂದ ಹೊಸತರಲ್ಲಿ ಈ ದೇಶದಲ್ಲಿ ಹುಟ್ಟಿದ ಪ್ರತಿ 1000 ಕೂಸುಗಳಲ್ಲಿ ಸುಮಾರು 150 ಮೊದಲ ವರ್ಷ ತುಂಬುವ ಮೊದಲೇ ಕಣ್ಣು ಮುಚ್ಚುತ್ತಿದ್ದವು. ಮನುಷ್ಯನ ಸರಾಸರಿ ಆಯುಷ್ಯ 32 ವರ್ಷದ ಸುತ್ತ ಇತ್ತು. 2020ರ ಹೊತ್ತಿಗೆ ಕರ್ನಾಟಕದಲ್ಲಿ ಆ ಶಿಶುಮರಣದ ಲೆಕ್ಕ 1000ಕ್ಕೆ 19ಕ್ಕೆ ಇಳಿದಿದೆ, ದೇಶದ ಸರಾಸರಿ ಆಯುಷ್ಯ 70ರ ಹತ್ತಿರ ಬಂದಿದೆ. ಹಳೆಯ ಕಾಲವನ್ನು ಹೊಗಳುವ ಬಾಯಿಗಳೆಲ್ಲ ಆ ಕಾಲವನ್ನು ದಾಟಿ ಬಂದವರ ಬಾಯಿಗಳು ಅಪ್ಪಾ. ತೊಟ್ಟಿಲಲ್ಲಿ ಹೋದವರು, ಬಾಣಂತಿ ಕೋಣೆಯಲ್ಲಿ ಹೋದವರು, ಸಿಡುಬು ಕೊಂಡೊಯ್ದವರು ಕಟ್ಟೆಗೆ ಬಂದು ಸಾಕ್ಷಿ ಹೇಳಲಾರರು. ಅವರ ಸಾಕ್ಷಿ ಇಲ್ಲದೆ ನಾವು ತೀರ್ಪು ಕೊಡುತ್ತಿದ್ದೇವೆ. ನಮ್ಮ ಕಿವಿಗೆ ಆ ಇಲ್ಲದವರ ದನಿಯನ್ನೂ ಕೇಳಿಸು.

ಆಗಿನ ನೀರು ಅಮೃತ ಎನ್ನುತ್ತೇವೆ. ಆ ನೀರಿನಲ್ಲಿ ನಾರುಹುಣ್ಣು ಇತ್ತು. ಬಡಗಣ ಕರ್ನಾಟಕದ ಮೆಟ್ಟಿಲು ಬಾವಿಗಳಿಗೆ ಜನ ಇಳಿದು ಕೊಡ ತುಂಬುತ್ತಿದ್ದರು. ಕಣ್ಣಿಗೆ ಕಾಣದಷ್ಟು ಸಣ್ಣ ನೀರುಹುಳದೊಳಗೆ ಸೇರಿದ್ದ ಮರಿ, ಕುಡಿದವರ ಮೈಯಲ್ಲಿ ವರ್ಷದುದ್ದ ಬೆಳೆದು, ಕಾಲಿನ ಬೊಕ್ಕೆ ಒಡೆದು ದಾರದಂತೆ ಹೊರಗೆ ಬರುತ್ತಿತ್ತು. ಅದನ್ನು ಕಡ್ಡಿಗೆ ಸುತ್ತಿ, ದಿನಕ್ಕೆ ಇಷ್ಟಿಷ್ಟೇ ಎಳೆಯಬೇಕು. ತುಂಡಾದರೆ ಕಾಲೇ ಬಾತು ಕೀವಾಗುತ್ತಿತ್ತು. ಬಿತ್ತುವ, ಕೊಯ್ಯುವ ದಿನಗಳಲ್ಲೇ ರೈತ ಮೂಲೆ ಹಿಡಿಯುತ್ತಿದ್ದ. ಉರಿ ತಾಳದೆ ಅದೇ ಕಾಲನ್ನು ಬಾವಿಯಲ್ಲಿ ಅದ್ದಿದರೆ ಮರಿಗಳು ಮತ್ತೆ ನೀರಿಗೆ ಸೇರುತ್ತಿದ್ದವು. 1980ರ ದಶಕದಲ್ಲಿ ಶುರುವಾದ ನಿರ್ಮೂಲನ ಕಾರ್ಯಕ್ರಮ ಮಾಡಿದ್ದು ದೊಡ್ಡ ಪವಾಡವನ್ನೇನಲ್ಲ. ನೀರನ್ನು ಬಟ್ಟೆಯಲ್ಲಿ ಸೋಸಿ ಎಂದು ಮನೆಮನೆಗೆ ಹೇಳಿದರು, ಇಳಿಯುವ ಬಾವಿಗಳನ್ನು ಸೇದುವ ಬಾವಿಗಳಾಗಿ ಮಾಡಿದರು, ಕೊಳವೆಬಾವಿ ಹಾಕಿದರು. 1996ರಲ್ಲಿ ದೇಶದ ಕೊನೆಯ ರೋಗಿ ಕಂಡುಬಂದ. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ನಾರುಹುಣ್ಣಿನಿಂದ ಮುಕ್ತವೆಂದು ಸಾರಿತು. ಓಣಿ ಓಣಿ ತಿರುಗಿ ಬಟ್ಟೆ ಹಂಚಿದ ಆ ಆರೋಗ್ಯ ಕಾರ್ಯಕರ್ತರ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ. ‘ಆಗಿನ ನೀರೇ ಛಲೋ’ ಎಂದು ನಾವು ಅಂದಾಗೆಲ್ಲ ಅವರು ಪಟ್ಟ ಪಾಡನ್ನು ಅಳಿಸಿ ಹಾಕುತ್ತೇವೆ. ಅವರ ಋಣ ಮರೆಯದ ಬುದ್ಧಿ ಕೊಡು.

ಇನ್ನು ಮನುಷ್ಯ ಮನುಷ್ಯನಿಗೆ ಮಾಡಿದ್ದನ್ನು ನಿನ್ನ ಮುಂದೆ ಇಡಬೇಕು. ಊರ ಬಾವಿಯ ಹಗ್ಗ ಮುಟ್ಟಲಾಗದೆ, ಯಾರಾದರೂ ದಯೆಯಿಂದ ಕೊಡಕ್ಕೆ ನೀರು ಸುರಿದಾರೆಂದು ಬಿಸಿಲಲ್ಲಿ ನಿಂತ ಹೆಣ್ಣುಮಗಳಿಗೆ ಆ ಕಾಲ ಛಲೋ ಇರಲಿಲ್ಲ. ಜಾಗೀರಿನ ಹೊಲಗಳಲ್ಲಿ ಬಿಟ್ಟಿ ಚಾಕರಿ ಮಾಡಿದವನಿಗೆ ಛಲೋ ಇರಲಿಲ್ಲ. ಹೈದರಾಬಾದ್ ಸಂಸ್ಥಾನದಲ್ಲಿ ಜಾಗೀರುಗಳು ಹೋಗಿದ್ದು 1949ರಲ್ಲಿ, ಜೀತ ಕಾನೂನಿನ ಪ್ರಕಾರ ಅಪರಾಧವಾಗಿದ್ದು 1976ರಲ್ಲಿ. 1951ರ ಜನಗಣತಿ ನಡೆದಾಗ ಆ ಸಂಸ್ಥಾನದ ನೂರು ಮಂದಿಯಲ್ಲಿ ಓದುಬರಹ ಬಲ್ಲವರು ಹತ್ತು ಮಂದಿಯೂ ಇರಲಿಲ್ಲ. ನಿಜಾಮನ ಆಳ್ವಿಕೆಯಲ್ಲಿ ಮಕ್ಕಳು ತಮ್ಮ ಮನೆಯ ಮಾತಾದ ಕನ್ನಡವನ್ನು ಬಿಟ್ಟು ಉರ್ದುವಿನಲ್ಲಿ ಪಾಠ ಕಲಿಯಬೇಕಿತ್ತು. ಅಂಥ ದಿನಗಳಲ್ಲಿ, 1907ರಲ್ಲೇ, ಈ ಊರಿನಲ್ಲಿ ನೂತನ ವಿದ್ಯಾಲಯ ತೆರೆದವರು, ಆಮೇಲೆ ನಿನ್ನ ಪೀಠದ ದೊಡ್ಡಪ್ಪ ಅಪ್ಪನವರಂತೆ ಹೆಣ್ಣುಮಕ್ಕಳಿಗೆ ಶಾಲೆ ಮಾಡಿಸಿದವರು ತಮ್ಮ ಕಾಲ ಛಲೋ ಇದೆಯೆಂದು ಸುಮ್ಮನೆ ಕೂತವರಲ್ಲ. ತಮ್ಮ ಕಾಲ ಸಾಲದು ಎಂದು ಕಂಡವರು ಅವರು.

1948ನ್ನು ನಿನ್ನಿಂದ ಬಚ್ಚಿಡಲಾರೆ. ನಿಜಾಮನ ಪರ ನಿಂತ ರಜಾಕಾರರು ಹಳ್ಳಿಗಳಿಗೆ ಬೆಂಕಿ ಇಟ್ಟರು. ಬೀದರ್ ಸೀಮೆಯ ಗೋರ್ಟಾದಲ್ಲಿ ಹರಿದ ರಕ್ತವನ್ನು ನಮ್ಮವರು ಇಂದಿಗೂ ನೆನೆಯುತ್ತಾರೆ. ಸೆಪ್ಟೆಂಬರ್ 17ರಂದು ಸಂಸ್ಥಾನ ಶರಣಾಯಿತು, ವಿಮೋಚನೆ ಬಂತು. ಅದರ ಬೆನ್ನಿಗೇ ಏನೂ ಅರಿಯದ ಮುಸಲ್ಮಾನ ಮನೆಗಳ ಮೇಲೆ ಸೇಡು ಬಿತ್ತು. ಅದನ್ನು ಕಂಡು ಬರಲು ಹೋದ ಪಂಡಿತ್ ಸುಂದರಲಾಲ್ ಸಮಿತಿ ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ಆಗ ಗುಲಬರ್ಗಾ ಎನಿಸಿಕೊಂಡಿದ್ದ ನಮ್ಮ ಜಿಲ್ಲೆಯನ್ನೂ ಹೆಸರಿಸಿತು. ಎರಡೂ ಕಡೆಯ ಹೆಣಗಳು ಈ ಮಣ್ಣಿನಲ್ಲೇ ಇವೆ. ಹಳೆಯ ಕಾಲದಲ್ಲಿ ಹಿಂದೂ ಮುಸಲ್ಮಾನರು ಅಣ್ಣತಮ್ಮರಂತೆ ಇದ್ದರು ಎಂಬುದೂ ನಿಜ, ಒಂದು ವರ್ಷದೊಳಗೆ ಅದು ಮುರಿದು ಬಿತ್ತು ಎಂಬುದೂ ನಿಜ. ಎರಡನ್ನೂ ಒಟ್ಟಿಗೆ ಹಿಡಿಯುವಷ್ಟು ಎದೆ ಅಗಲ ಮಾಡು.

ಹಾಗೆಂದು ಹಿರಿಯರ ಬಾಯಿ ಮುಚ್ಚಿಸಲು ಬಂದಿಲ್ಲ. ಅವರು ಸುಳ್ಳು ಹೇಳುತ್ತಿಲ್ಲ. ಒಂದೇ ಹೊಲದಲ್ಲಿ ಜೋಳ, ತೊಗರಿ, ಎಳ್ಳು, ಪುಂಡಿ ಅಕ್ಕಡಿಯಾಗಿ ಬೆಳೆದು, ಒಂದು ಕೈಕೊಟ್ಟರೆ ಇನ್ನೊಂದು ಹಿಡಿಯುತ್ತಿದ್ದ ಬೇಸಾಯ ನಿಜ. ಜೋಳ ತುಂಬಿದ ಹಗೇವಿನ ಬಾಯಿಯನ್ನು ಬರಗಾಲದಲ್ಲಿ ಕೇರಿಗೆಲ್ಲ ತೆರೆದ ಮನೆಗಳೂ ಇದ್ದವು. ಬಿತ್ತುವ ಬೀಜಕ್ಕೆ ಪೇಟೆಗೆ ಓಡದೆ ಪಕ್ಕದ ಮನೆಯ ಮೂಲೆಯ ಗಡಿಗೆಗೆ ಕೈ ಹಾಕುತ್ತಿದ್ದರು. ಮೊಹರಂ ಅಲಾಯಿಗೆ ಹಿಂದೂ ಮನೆಯವರು ಹರಕೆ ಹೊರುತ್ತಿದ್ದರು, ನಿನ್ನ ತೇರಿಗೆ ಮುಸಲ್ಮಾನರು ಬರುತ್ತಿದ್ದರು. ಖಾಜಾ ಬಂದೇ ನವಾಜರ ಉರುಸಿಗೆ ಊರಿಗೂರೇ ನಡೆಯುತ್ತಿತ್ತು, ಇಂದಿಗೂ ನಡೆಯುತ್ತದೆ. 1972ರ ಬರದಲ್ಲಿ ನಮ್ಮ ಹೆಣ್ಣುಮಕ್ಕಳು ರಸ್ತೆಯ ಕಾಮಗಾರಿಯಲ್ಲಿ ಖಡಿ ಒಡೆದರು. ಕೈಯ ಬೊಕ್ಕೆ ಒಡೆದವಳ ಪಾಲಿನ ಕಲ್ಲನ್ನು ಪಕ್ಕದವಳು ಒಡೆದು ಕೊಡುತ್ತಿದ್ದಳೆಂದು ಆಯಿ ಹೇಳುತ್ತಿದ್ದಳು. ಆ ದಿನವನ್ನು ನೆನೆದು ಅವಳ ಮುಖ ಅರಳುತ್ತಿತ್ತು. ಅರಳಿದ್ದು ಕಲ್ಲಿನ ನೆನಪಿಗಲ್ಲ, ಆ ಪಕ್ಕದವಳ ನೆನಪಿಗೆ.

ಅಪ್ಪಾ, ಹಿರಿಯರು ‘ಕಾಲ ಛಲೋ ಇತ್ತು’ ಎನ್ನುವಾಗ ಹುಡುಕುತ್ತಿರುವುದು ಆ ಪಕ್ಕದವಳನ್ನೇ ಎಂದು ನನಗೆ ಅನಿಸಿದೆ. ಅವಳು ಕಾಲದ ಕೊಡುಗೆಯಲ್ಲ. ಕಾಲ ಕೊಟ್ಟಿದ್ದು ಬರ. ಆ ಬರಕ್ಕೆ ಎದುರಾಗಿ ಜನ ಕೊಟ್ಟಿದ್ದು ಒಬ್ಬರಿಗೊಬ್ಬರ ಕೈ. ಒಳ್ಳೆಯದನ್ನೆಲ್ಲ ಕಾಲದ ಲೆಕ್ಕಕ್ಕೆ ಬರೆದು, ಅದು ಹೋಯಿತೆಂದು ಕೊರಗಿದರೆ ನಮ್ಮ ಕೈ ಖಾಲಿಯೇ ಉಳಿಯುತ್ತದೆ. ಜನ ಮಾಡಿದ್ದೆಂದು ಒಪ್ಪಿಕೊಂಡರೆ ನಾಳೆ ಬೆಳಿಗ್ಗೆ ನಾವೂ ಮಾಡಬಹುದು. ಎಳ್ಳಾಮವಾಸ್ಯೆಯ ದಿನ ಕಮಲಾಪುರದ ಹೊಲಗಳಿಗೆ ಹೋದರೆ ಇದು ಕಣ್ಣಿಗೇ ಕಾಣುತ್ತದೆ. ಚರಗ ಚೆಲ್ಲಿ, ಭಜ್ಜಿ, ಸಜ್ಜೆ ರೊಟ್ಟಿ, ಕಡುಬು ಹರವಿಕೊಂಡು ಕೂತವರು ದಾರಿಯಲ್ಲಿ ಹೋಗುವ ಗುರುತಿಲ್ಲದವರನ್ನೂ ‘ಬರ್ರೀ, ಉಂಡು ಹೋಗ್ರಿ’ ಎಂದು ಕರೆಯುತ್ತಾರೆ. ಅವರ ಅಂಗಿಯ ಜೇಬಿನಲ್ಲಿ ಮೊಬೈಲ್ ಇದೆ, ಬದುವಿನ ಬಳಿ ಬೈಕ್ ನಿಂತಿದೆ. ಕರೆಯುವ ಮನಸ್ಸು ಇವುಗಳಿಗೆ ಹೆದರಿ ಓಡಿಹೋಗಿಲ್ಲ.

ಈ ಕಾಲ ಕೊಟ್ಟಿದ್ದಕ್ಕೂ ಕೈ ಮುಗಿಯುತ್ತೇನೆ. 2002ರಲ್ಲಿ ರಾಜ್ಯ ಸರ್ಕಾರ ಶಾಲೆಯ ಬಿಸಿಯೂಟ ಶುರು ಮಾಡಿದಾಗ ಮೊದಲು ಒಲೆ ಹೊತ್ತಿದ್ದು ನಮ್ಮ ಕಡೆಯ ಏಳು ಜಿಲ್ಲೆಗಳಲ್ಲಿ, ಅಕ್ಷರ ದಾಸೋಹ ಎಂಬ ಹೆಸರಿನಲ್ಲಿ. ನೀನು ಕರುಣೆಯಿಂದ ಬಡಿಸಿದ್ದನ್ನು ಮಗು ಇಂದು ಹಕ್ಕಿನಿಂದ ಉಣ್ಣುತ್ತದೆ, ಯಾರ ಮುಂದೆಯೂ ತಲೆ ತಗ್ಗಿಸದೆ, ಎಲ್ಲ ಜಾತಿಯ ಮಕ್ಕಳ ಜೊತೆ ಒಂದೇ ಸಾಲಿನಲ್ಲಿ. 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯ ಬಂತು, 2009ರಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯ. ಸಂವಿಧಾನದ 371ಜೆ ಕಲಂ ನಮ್ಮ ಮಕ್ಕಳಿಗೆ ಸೀಟು, ನೌಕರಿಯ ಬಾಗಿಲು ತೆರೆಯಿತು. ಹೈಕೋರ್ಟ್ ಪೀಠ ಬಂತು, 2017ರಲ್ಲಿ ಬೀದರಿನ ರೈಲು ಕಮಲಾಪುರದ ದಾರಿಯಲ್ಲಿ ಓಡಿತು. ಹೆರಿಗೆ ನೋವು ತಿನ್ನುತ್ತ ಚಕ್ಕಡಿಯಲ್ಲಿ ಬರುತ್ತಿದ್ದ ದಾರಿಯಲ್ಲಿ 108 ಆಂಬುಲೆನ್ಸ್ ಓಡುತ್ತಿದೆ. ಇವನ್ನೆಲ್ಲ ಹೋರಾಡಿ ತಂದವರಿಗೆ ಶರಣು.

ಆದರೆ ಈ ಕಾಲವನ್ನೂ ನಿನ್ನ ಮುಂದೆ ಬಣ್ಣ ಹಚ್ಚಿ ತೋರಿಸಲಾರೆ. ಅಕ್ಕಡಿ ಬಿಟ್ಟು ಹೊಲದ ತುಂಬ ತೊಗರಿಯೊಂದನ್ನೇ ಬಿತ್ತಿದೆವು. ಕಲಬುರಗಿಯ ತೊಗರಿಬೇಳೆಗೆ ಭೌಗೋಳಿಕ ಗುರುತು ಸಿಕ್ಕಿತು, ಹಿಂದೆಯೇ ನೆಟೆ ರೋಗ ಬಂದು ಹೂಬಿಟ್ಟ ಗಿಡಗಳನ್ನು ನಿಂತಲ್ಲೇ ಒಣಗಿಸಿತು. ಸಾಲ ತೀರಿಸಲಾಗದೆ ರೈತ ತನ್ನ ಜೀವವನ್ನೇ ತೆಗೆದುಕೊಳ್ಳುತ್ತಾನೆ. ಒಂದೂವರೆ ವರ್ಷ ಕಾದು ಕೊಯ್ಯಬೇಕಾದ ಕಮಲಾಪುರದ ಕೆಂಪು ಬಾಳೆಗೆ ಹೆಸರು ದೊಡ್ಡದು, ರಾಜನಾಳ, ನವನಿಹಾಳದ ಕಡೆ ಅದನ್ನು ಸಾಕಲು ನೀರು ಬೇಕು, ತಾಳ್ಮೆಗೆ ತಕ್ಕ ಬೆಲೆ ಬೇಕು.

ಇದಕ್ಕಿಂತ ದೊಡ್ಡ ನೋವು ಇನ್ನೊಂದಿದೆ. ಕಾಲ ಎಲ್ಲರ ಮನೆಯಲ್ಲೂ ಒಂದೇ ಸಮನೆ ಮುಂದೆ ಹೋಗಿಲ್ಲ. ಇದೇ ಊರಿನಲ್ಲಿ ಒಬ್ಬರು ವಿಮಾನದಲ್ಲಿ ಓಡಾಡುತ್ತಾರೆ, ಇನ್ನೊಬ್ಬರು ಹಾಸಿಗೆ, ಪಾತ್ರೆ, ಮಕ್ಕಳನ್ನು ಕಟ್ಟಿಕೊಂಡು ಮುಂಬೈ, ಪುಣೆ, ಹೈದರಾಬಾದಿಗೆ ಗುಳೆ ಹೋಗುತ್ತಾರೆ. ಅವರೊಡನೆ ಹೋದ ಮಗುವಿಗೆ ಬಿಸಿಯೂಟವೂ ಇಲ್ಲ, ಪಾಠವೂ ಇಲ್ಲ. 2011ರ ಗಣತಿಯಲ್ಲೂ ನಮ್ಮ ಜಿಲ್ಲೆಯ ಹೆಣ್ಣುಮಕ್ಕಳಲ್ಲಿ ಓದು ಬಲ್ಲವರು ನೂರಕ್ಕೆ 55ರ ಸುತ್ತಮುತ್ತ. ಮಲದ ಗುಂಡಿಗೆ ಮನುಷ್ಯರನ್ನು ಇಳಿಸಬಾರದೆಂದು 2013ರಲ್ಲಿ ಕಾಯ್ದೆ ಬಂದ ಮೇಲೂ ಇಳಿದವರು, ಉಸಿರುಗಟ್ಟಿ ಸತ್ತವರು ಇದ್ದಾರೆ. ಹನ್ನೆರಡು ಹದಿಮೂರಕ್ಕೆ ಮದುವೆಯಾಗುವ ಹುಡುಗಿಯ ಪಾಲಿಗೆ, ಇಂದಿಗೂ ಚಹದಂಗಡಿಯಲ್ಲಿ ಬೇರೆ ಲೋಟ ಹಿಡಿಯುವವನ ಪಾಲಿಗೆ ಹಿಂದಿನ ಕಾಲ ಇನ್ನೂ ಮುಗಿದಿಲ್ಲ. ನಾವು ಕಟ್ಟೆಯ ಮೇಲೆ ಹಾಡಿ ಹೊಗಳುವ ಆ ಕಾಲದೊಳಗೇ ಅವರು ಇಂದು ಬದುಕುತ್ತಿದ್ದಾರೆ. ಅದು ಛಲೋ ಇತ್ತೋ ಇಲ್ಲವೋ ಎಂದು ಅವರನ್ನು ಕೇಳಿದರೆ ಸಾಕು, ಉತ್ತರ ಸಿಗುತ್ತದೆ.

ಆದ್ದರಿಂದ ಶರಣಪ್ಪಾ, ಹಳೆಯ ಕಾಲವನ್ನು ತಿರುಗಿ ಕೊಡು ಎಂದು ಬೇಡಲಾರೆ. ಈ ಹೊತ್ತನ್ನು ಹಂಚಿಸು. ಒಬ್ಬರ ಮನೆಗೆ ಬಂದ ಲಸಿಕೆ, ಪುಸ್ತಕ, ನಲ್ಲಿಯ ನೀರು, ವೈದ್ಯರು ಎಲ್ಲರ ಮನೆಗೂ ಬರಲಿ. ಗುಳೆ ಹೋದ ಮಗು ಹೋದಲ್ಲಿ ಅದಕ್ಕೊಂದು ಶಾಲೆ ಸಿಗಲಿ. ಗುಂಡಿಗೆ ಯಂತ್ರ ಇಳಿಯಲಿ, ಮನುಷ್ಯ ಇಳಿಯದಿರಲಿ. ರೈತನ ಹೊಲಕ್ಕೆ ಅಕ್ಕಡಿ ಮರಳಲಿ, ಅದರ ಜೊತೆ ನ್ಯಾಯದ ಬೆಲೆಯೂ ಬರಲಿ. ಗಾಜಿಪುರದಲ್ಲಿ, ನಿನ್ನ ಗುಡಿಯ ಸುತ್ತ, ದರ್ಗಾದ ಓಣಿಯಲ್ಲಿ ಪಕ್ಕದ ಮನೆಯ ಕಷ್ಟ ಇತ್ತ ಕೇಳುವಷ್ಟು ಗೋಡೆಗಳು ತೆಳುವಾಗಿರಲಿ.

ನಮ್ಮ ಹಿರಿಯರಿಗೆ ತಮ್ಮ ನೆನಪನ್ನು ಪೂರ್ತಿ ಹೇಳುವ ಧೈರ್ಯ ಕೊಡು: ಹಗೇವಿನ ಜೊತೆ ಹಸಿವನ್ನೂ, ಹಬ್ಬದ ಜೊತೆ ಬಾವಿಯ ಬಳಿ ದೂರ ನಿಂತವರನ್ನೂ. ನಮಗೆ ಅದನ್ನು ಕೂತು ಕೇಳುವ ವ್ಯವಧಾನ ಕೊಡು. ಕೇಳಿದ ಮೇಲೆ ಅವರ ಕಾಲದ ಕಷ್ಟ ಯಾರ ಮನೆಯಲ್ಲಿ ಇನ್ನೂ ಉಳಿದಿದೆಯೋ ಆ ಮನೆಗೆ ಹೋಗುವ ಕಾಲು ಕೊಡು. ಡೋಗಿ ಬರದ ಎದುರು ಒಲೆ ಹೂಡಿದವನೇ, ನಿನ್ನ ಕಾಲದಲ್ಲಿ ನೀನು ಮಾಡಿದ್ದನ್ನು ನಮ್ಮ ಕಾಲದಲ್ಲಿ ನಾವು ಮಾಡುವಂತೆ ಮಾಡು. ಬೇರೇನೂ ಬೇಡೆವು. ಶರಣು ಶರಣಾರ್ಥಿ.