ಬೆಲ್ಲ ಸವರಿದ ಲೆಕ್ಕ

ಏಪ್ರಿಲ್ ಬಂತೆಂದರೆ ಊರಿನ ಗೋಡೆಗಳ ಮೇಲೆ ಬೇಸಿಗೆ ಶಿಬಿರದ ಪೋಸ್ಟರುಗಳು ಕಾಣಿಸಿಕೊಳ್ಳುತ್ತವೆ. ರಂಗೋಲಿ, ಕೋಲಾಟ, ಜೇಡಿಮಣ್ಣಿನ ಗೊಂಬೆ. ಕೆಲವು ಕಡೆ ಪಟ್ಟಿಯ ಕೊನೆಗೆ ಇನ್ನೊಂದು ಸಾಲು: ಕಲೆಯ ಮೂಲಕ ಗಣಿತ. ಒಂದೆಡೆ ಕೂರದ ಮಕ್ಕಳಿಗೆ ಇದು ಒಳ್ಳೆಯ ದಾರಿ ಎನ್ನುತ್ತಾರೆ. ಫಲ ಕೊಡುತ್ತದೆಯೋ ಇಲ್ಲವೋ ಆಮೇಲಿನ ಮಾತು. ಮಗುವಿನ ಜೊತೆ ನಾವು ಪ್ರಾಮಾಣಿಕವಾಗಿದ್ದೇವೆಯೇ ಎಂದು ಮೊದಲು ಕೇಳಿಕೊಳ್ಳಬೇಕು ಅನಿಸುತ್ತದೆ.

ಕಹಿ ಗುಳಿಗೆಯನ್ನು ಬೆಲ್ಲದಲ್ಲಿ ಅಡಗಿಸಿ ನುಂಗಿಸುವ ಉಪಾಯ ಎಲ್ಲ ಮನೆಗಳಲ್ಲೂ ಇದೆ. ಆದರೆ ಬೆಲ್ಲ ಕಂಡ ಕೂಡಲೇ ಒಳಗಿರುವುದು ಕಹಿ ಎಂದು ಮಗುವಿಗೆ ತಿಳಿದುಹೋಗುತ್ತದೆ. ಚುಕ್ಕಿ ರಂಗೋಲಿ ಬಿಡಿಸಿ ಮುಗಿಸುವಷ್ಟರಲ್ಲಿ ‘ಈಗ ಚುಕ್ಕಿ ಎಣಿಸಿ, ಮಗ್ಗಿ ಹೇಳಿ’ ಎಂದರೆ, ತನ್ನನ್ನು ಹಿಡಿಯಲು ಬಲೆ ಹಾಕಿದ್ದರೆಂದು ಅದಕ್ಕೆ ಅರ್ಥವಾಗುತ್ತದೆ. ರಂಗೋಲಿಗೂ ಅದು ಅವಮಾನ. ಎಣಿಕೆ ಮುಗಿದ ಮೇಲೆ ಅದರತ್ತ ಯಾರೂ ನೋಡುವುದಿಲ್ಲ.

ನಮ್ಮ ಅಜ್ಜಿಯರೆಲ್ಲ ಗಣಿತಜ್ಞರೇ ಆಗಿದ್ದರು ಎಂಬ ಹೆಮ್ಮೆಯ ಮಾತನ್ನೂ ಇಂಥಲ್ಲಿ ಕೇಳುತ್ತೇವೆ. ಮೊಜಾಂಬಿಕ್‌ನಲ್ಲಿ ಕೆಲಸ ಮಾಡಿದ ಗಣಿತಜ್ಞ ಪಾಲಸ್ ಗೆರ್ಡೆಸ್, ಅಂಗೋಲಾದ ಚೋಕ್ವೆ ಜನರ ಮರಳು ಚಿತ್ರಗಳನ್ನು ಅಧ್ಯಯನ ಮಾಡಿದ್ದರು. ನಮ್ಮ ರಂಗೋಲಿಯ ಹಾಗೆಯೇ ಅಲ್ಲೂ ಚುಕ್ಕಿಗಳ ಸುತ್ತ ಗೆರೆ ಸುತ್ತುತ್ತದೆ. ಅಂಥ ಕುಶಲಕಲೆಗಳಲ್ಲಿ ಗಣಿತ ಹೆಪ್ಪುಗಟ್ಟಿ ಕೂತಿದೆ ಎನ್ನುವ ಗೆರ್ಡೆಸ್ ಒಂದು ಎಚ್ಚರಿಕೆಯನ್ನೂ ಕೊಡುತ್ತಾರೆ: ಆ ವಿಧಾನವನ್ನು ಮೊದಲು ಕಂಡುಹಿಡಿದವರು ಗಣಿತ ಮಾಡಿದರು, ನೋಡಿ ನಕಲು ಮಾಡುವವರು ಸಾಮಾನ್ಯವಾಗಿ ಮಾಡುತ್ತಿರುವುದಿಲ್ಲ. ಶಿಬಿರದಲ್ಲಿ ನಾವು ಮಕ್ಕಳಿಂದ ಮಾಡಿಸುವುದು ಹೆಚ್ಚಾಗಿ ನಕಲು.

ಹಾಗಾದರೆ ಬೆಲ್ಲವಲ್ಲದ ಕಲೆ ಯಾವುದು? ನನಗೆ ಹೊಳೆಯುವುದು ಜಡೆ ಕೋಲಾಟ. ಎತ್ತರದಲ್ಲಿ ಕಟ್ಟಿದ ಬಣ್ಣದ ಹಗ್ಗಗಳು, ಒಬ್ಬೊಬ್ಬರ ಕೈಯಲ್ಲಿ ಒಂದೊಂದು. ಎಂಟು ಮಕ್ಕಳಿದ್ದರೆ ನಾಲ್ವರು ಬಲಕ್ಕೆ, ನಾಲ್ವರು ಎಡಕ್ಕೆ. ಎದುರಾದವರನ್ನು ಒಮ್ಮೆ ಒಳಗಿನಿಂದ, ಒಮ್ಮೆ ಹೊರಗಿನಿಂದ ದಾಟಬೇಕು. ಮೇಲೆ ಜಡೆ ಇಳಿಯುತ್ತಾ ಬರುತ್ತದೆ. ಇಲ್ಲಿ ಸುಮ್ಮನೆ ಕೂರುವ ಮಗುವಿಗೆ ಕೆಲಸವೇ ಇಲ್ಲ! ನಿಜವಾದ ಕಷ್ಟ ಬಿಚ್ಚುವಾಗ. ಕೊನೆಗೆ ಇಟ್ಟ ಹೆಜ್ಜೆಯನ್ನು ಮೊದಲು ಹಿಂತೆಗೆಯಬೇಕು. ಒಬ್ಬರು ಒಳಗಿನ ಬದಲು ಹೊರಗೆ ಹೋದರೂ ಹಗ್ಗ ಗಂಟಾಗಿ ಆಟ ನಿಲ್ಲುತ್ತದೆ. ಮೇಷ್ಟ್ರು ಕೆಂಪು ಶಾಯಿಯಲ್ಲಿ ಗೀಚಬೇಕಾಗಿಲ್ಲ. ‘ನೀನು ಆಚೆಯಿಂದ ಬರಬೇಕಿತ್ತು ಕಣೋ’ ಎಂದು ಮಕ್ಕಳೇ ಜಗಳಕ್ಕೆ ನಿಲ್ಲುತ್ತಾರೆ. ಆ ಜಗಳದಲ್ಲಿ ಗಣಿತವಿದೆ. 5ಕ್ಕೆ 3 ಕೂಡಿಸಿ 2ರಿಂದ ಗುಣಿಸಿದರೆ 16. ಹಿಂದಕ್ಕೆ ಬರಲು ಮೊದಲು 3 ಕಳೆದರೆ 13, ಅದರ ಅರ್ಧ ಆರೂವರೆ, ಗಂಟು ಬಿತ್ತು. ಮೊದಲು 2ರಿಂದ ಭಾಗಿಸಿ ಆಮೇಲೆ 3 ಕಳೆದರೆ 5 ಸಿಗುತ್ತದೆ. ಬೀಜಗಣಿತದ ಸಮೀಕರಣ ಬಿಡಿಸುವುದೂ ಹೀಗೆಯೇ. 1920ರ ದಶಕದಲ್ಲಿ ಎಮಿಲ್ ಆರ್ಟಿನ್ ಜಡೆಗಳದ್ದೇ ಒಂದು ಗಣಿತ ಸಿದ್ಧಾಂತ ಕಟ್ಟಿದರು ಎಂಬುದನ್ನೂ ಮಕ್ಕಳಿಗೆ ಹೇಳಬಹುದು. ಇದು ಗಣಿತ ಎಂದು ಮುಚ್ಚುಮರೆಯಿಲ್ಲದೆ ಹೇಳಿದರೂ ಆಟದ ರುಚಿ ಕೆಡುವುದಿಲ್ಲ.

ಎಲ್ಲ ಗಣಿತಕ್ಕೂ ಇಂಥ ಕಲೆ ಸಿಗುವುದಿಲ್ಲ. ದೀರ್ಘ ಭಾಗಾಕಾರವನ್ನು ಕುಣಿಸಲು ಹೋಗಬಾರದು. ಅದನ್ನು ಕೂತು ಮಾಡುವುದೇ ಸರಿ. ನಲವತ್ತು ಮಕ್ಕಳನ್ನು ಒಬ್ಬರೇ ಸಂಭಾಳಿಸುವ ಶಿಕ್ಷಕಿ ‘ಕೈಕಟ್ಟಿ ಕೂರಿ’ ಅನ್ನುವುದನ್ನೂ ನಾನು ಹಳಿಯಲಾರೆ. ಆದರೆ ಆ ಮೌನ ಬೇಕಾಗಿರುವುದು ಅವರಿಗೆ. ಕಲಿಕೆಗೆ ಅದು ಬೇಕು ಎಂದು ಮಗುವಿಗೆ ಹೇಳುವುದು, ಚಡಪಡಿಸುವ ಕಾಲನ್ನು ಬುದ್ಧಿಯ ಕೊರತೆಯೆಂದು ಎಣಿಸುವುದು, ಬೇರೆ ಮಾತು.

ಸಮಾರೋಪದ ದಿನ ಅಪ್ಪ-ಅಮ್ಮಂದಿರು ಮೊಬೈಲ್ ಹಿಡಿದು ನಿಲ್ಲುತ್ತಾರೆ. ಒಂದೊಂದು ತಂಡಕ್ಕೆ ಸಿಗುವುದು ಹತ್ತು ನಿಮಿಷ. ಜಡೆ ಹೆಣೆದಾಗ ಚಪ್ಪಾಳೆ ಬೀಳುತ್ತದೆ, ನಿರೂಪಕರು ಮುಂದಿನ ತಂಡವನ್ನು ಕರೆಯುತ್ತಾರೆ. ಬಿಚ್ಚಲು ಇನ್ನೊಂದು ಹತ್ತು ನಿಮಿಷ ಬೇಕಿತ್ತು.