ನಲ್ವತ್ತನೆಯ ದಿನದ ನಂತರ

ನಮ್ಮ ಕರಾವಳಿಯ ಮುಸ್ಲಿಮ್ ಮನೆಗಳಲ್ಲಿ ಬಾಣಂತಿಗೆ ಸಲ್ಲುವ ಆರೈಕೆ ಸಣ್ಣದೇನಲ್ಲ. ಮಗಳನ್ನು ಹೆರಿಗೆಗಾಗಿ ತವರಿಗೆ ಕರೆತರುತ್ತಾರೆ. ಎಣ್ಣೆ ತಿಕ್ಕಿ ಬಿಸಿನೀರು ಹೊಯ್ಯಲು ಅನುಭವಿ ಹೆಂಗಸೊಬ್ಬಳನ್ನು ಗೊತ್ತುಮಾಡುತ್ತಾರೆ. ಮೆಂತೆ ಗಂಜಿ, ಕೋಳಿ ಸಾರು, ಲೇಹ್ಯ ಎಂದು ಉಮ್ಮ ಅಡುಗೆ ಮನೆಯಿಂದ ಹೊರಗೆ ಬರುವುದೇ ಇಲ್ಲ. ಬಡವರ ಮನೆಯಲ್ಲೂ ಸಾಲ ಮಾಡಿಯಾದರೂ ಬಾಣಂತನ ನಡೆಯುತ್ತದೆ. ಆದರೆ ಓದುಗರೇ, ಇದೆಲ್ಲ ಎಷ್ಟು ದಿನ? ನಲ್ವತ್ತು ದಿನ. ನಲ್ವತ್ತರ ಸ್ನಾನ ಮುಗಿದು, ಮಗುವಿನೊಂದಿಗೆ ಆಕೆ ಗಂಡನ ಮನೆಯ ಮೆಟ್ಟಿಲು ಹತ್ತಿದಳೆಂದರೆ ಆಕೆಯ ದೇಹದ ಕುರಿತು ವಿಚಾರಿಸುವವರು ಯಾರೂ ಇರುವುದಿಲ್ಲ. ಮುಂದಿನ ಸಲ ಗರ್ಭ ನಿಂತಾಗಲೇ ಮತ್ತೆ ವಿಚಾರಣೆ.

ಸರಕಾರದ ವ್ಯವಸ್ಥೆಯೂ ಹೆಚ್ಚುಕಡಿಮೆ ಇದೇ ಲೆಕ್ಕವನ್ನು ಹಿಡಿದಿದೆ. ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಆಶಾ ಕಾರ್ಯಕರ್ತೆಯು ಮೂರನೆಯ ದಿನದಿಂದ ನಲ್ವತ್ತೆರಡನೆಯ ದಿನದವರೆಗೆ ಆರು ಬಾರಿ ಮನೆಗೆ ಬರಬೇಕೆಂದು ನಿಯಮವಿದೆ. 2018ರಲ್ಲಿ ಆರಂಭವಾದ ಇನ್ನೊಂದು ಯೋಜನೆಯಂತೆ ಮೂರು, ಆರು, ಒಂಬತ್ತು, ಹನ್ನೆರಡು ಮತ್ತು ಹದಿನೈದನೆಯ ತಿಂಗಳಿನಲ್ಲೂ ಆಕೆ ಬರುತ್ತಾಳೆ. ಆದರೆ ಆ ಭೇಟಿಗಳು ಮುಖ್ಯವಾಗಿ ಮಗುವಿಗಾಗಿ. ಮಗುವಿನ ತೂಕ ನೋಡಲಾಗುತ್ತದೆ, ಅದನ್ನು ಎತ್ತಿಕೊಂಡು ನಿಂತವಳ ತೂಕ ನೋಡುವುದಿಲ್ಲ.

ಕಂಕನಾಡಿಯಂತಹ ಊರಿನಲ್ಲಿ ಇದು ವಿಚಿತ್ರವಾಗಿ ಕಾಣುತ್ತದೆ. ಫಾದರ್ ಅಗಸ್ಟಸ್ ಮುಲ್ಲರ್ ಎಂಬ ಜರ್ಮನ್ ಪಾದ್ರಿಯು 1880ರಲ್ಲಿ ಇಲ್ಲಿ ಹೋಮಿಯೋಪತಿ ಔಷಧ ಹಂಚಲು ತೊಡಗಿದ್ದು, ಇಂದು ವೈದ್ಯಕೀಯ ಕಾಲೇಜಿನ ದೊಡ್ಡ ಆಸ್ಪತ್ರೆಯಾಗಿ ನಿಂತಿದೆ. ಸುತ್ತಮುತ್ತ ಬೇರೆ ಆಸ್ಪತ್ರೆಗಳಿವೆ, ಪ್ರಯೋಗಾಲಯಗಳಿವೆ, ಹೆಜ್ಜೆಗೊಂದು ಔಷಧದ ಅಂಗಡಿ. ಹಂಪನಕಟ್ಟೆಯ ಕಡೆ ಹೋದರೆ ಸರಕಾರಿ ಹೆರಿಗೆ ಆಸ್ಪತ್ರೆ ಲೇಡಿಗೋಷನ್ ಇದೆ. ಕಾಸರಗೋಡಿನಿಂದಲೂ ಘಟ್ಟದ ಮೇಲಿನಿಂದಲೂ ಜನರು ಚಿಕಿತ್ಸೆಗೆಂದು ಈ ನಗರಕ್ಕೆ ಬರುತ್ತಾರೆ. ಹೀಗಿದ್ದೂ ಆಸ್ಪತ್ರೆಯ ಗೋಡೆಗೆ ತಾಗಿದ ಓಣಿಯ ಹೆಣ್ಣುಮಗಳು ತನ್ನ ತಲೆಸುತ್ತಿಗೆ ಒಂದು ರಕ್ತ ಪರೀಕ್ಷೆ ಮಾಡಿಸದೆ ಎರಡು ವರ್ಷ ಕಳೆಯುತ್ತಾಳೆ. ಮಗುವಿಗೆ ಜ್ವರ ಬಂದರೆ ನಡುರಾತ್ರಿಯಲ್ಲೂ ಆಟೋ ಹಿಡಿಯುವವಳು ಈಕೆಯೇ. ಆದ್ದರಿಂದ ಇಲ್ಲಿ ದೂರವಾಗಲಿ ವೈದ್ಯರ ಅಭಾವವಾಗಲಿ ಕಾರಣವಲ್ಲ. ಆಕೆಗೂ ಒಂದು ಆರೋಗ್ಯವಿದೆ ಎಂಬುದನ್ನು ಮನೆಯವರು ಮರೆತಿದ್ದಾರೆ. ಕೆಲವೊಮ್ಮೆ ಆಕೆಯೂ ಮರೆತಿದ್ದಾಳೆ.

ಅಲ್ಲಾಹನು ಮರೆತಿಲ್ಲ. ಪವಿತ್ರ ಕುರ್‌ಆನಿನ ಲುಕ್ಮಾನ್ ಅಧ್ಯಾಯದ 14ನೆಯ ಸೂಕ್ತವು ತಾಯಿಯು ನಿತ್ರಾಣದ ಮೇಲೆ ನಿತ್ರಾಣವನ್ನು ತಾಳಿ ಮಗುವನ್ನು ಹೊತ್ತುದನ್ನೂ, ಹಾಲು ಬಿಡಿಸಲು ಎರಡು ವರ್ಷ ಹಿಡಿಯುವುದನ್ನೂ ನೆನಪಿಸುತ್ತದೆ. ಅಹ್ಕಾಫ್ ಅಧ್ಯಾಯದ 15ನೆಯ ಸೂಕ್ತವು ಹೊರುವ ಮತ್ತು ಹಾಲುಣಿಸುವ ಕಾಲವನ್ನು ಸೇರಿಸಿ ಮೂವತ್ತು ತಿಂಗಳೆಂದು ಎಣಿಸುತ್ತದೆ. ಇನ್ನು ಅಲ್‌ಬಕರದ 233ನೆಯ ಸೂಕ್ತವು ಹಾಲುಣಿಸುವ ತಾಯಿಯ ಊಟ ಬಟ್ಟೆಯ ಹೊಣೆಯನ್ನು ಮಗುವಿನ ತಂದೆಯ ಮೇಲೆ ಹೊರಿಸಿ, ಮಗುವಿನ ಕಾರಣದಿಂದ ತಾಯಿಯನ್ನು ಪೀಡಿಸಬಾರದೆಂದು ಎಚ್ಚರಿಸುತ್ತದೆ. ನಮ್ಮ ಎಣಿಕೆಗೂ ಕುರ್‌ಆನಿನ ಎಣಿಕೆಗೂ ಎಷ್ಟು ಅಂತರವಿದೆ ನೋಡಿರಿ!

‘ನಲ್ವತ್ತು ದಿನವೆಂದು ಶರೀಅತ್ತೇ ಹೇಳಿದೆಯಲ್ಲ’ ಎಂದು ಕೆಲವರು ಕೇಳಬಹುದು. ಆ ಮಾತು ನಿಫಾಸ್‌ನ, ಅಂದರೆ ಹೆರಿಗೆಯ ನಂತರದ ರಕ್ತಸ್ರಾವದ ಕುರಿತಾದುದು. ನಮ್ಮಲ್ಲಿ ಹೆಚ್ಚಿನವರು ಅನುಸರಿಸುವ ಶಾಫಿಈ ಮದ್‌ಹಬ್‌ನಲ್ಲಿ ಅದರ ಸಾಮಾನ್ಯ ಅವಧಿ ನಲ್ವತ್ತು, ಗರಿಷ್ಠ ಅರುವತ್ತು ದಿನ. ನಮಾಝ್ ಯಾವಾಗ ಮರಳಿ ಕಡ್ಡಾಯವಾಗುತ್ತದೆಂದು ತಿಳಿಯಲು ಇರುವ ಲೆಕ್ಕವದು. ಹೆಣ್ಣಿನ ದೇಹ ಚೇತರಿಸಿತೆಂಬ ಪ್ರಮಾಣಪತ್ರವಾಗಿ ಅದನ್ನು ಮಾರ್ಪಡಿಸಿದ್ದು ನಾವು.

ಚೇತರಿಕೆಗೆ ನಿಜವಾಗಿ ಎಷ್ಟು ಕಾಲ ಬೇಕು? ಹೆರಿಗೆಯ ನಂತರ ಮತ್ತೆ ಗರ್ಭ ಧರಿಸಲು ಕನಿಷ್ಠ ಇಪ್ಪತ್ತನಾಲ್ಕು ತಿಂಗಳು, ಗರ್ಭಪಾತವಾಗಿದ್ದರೆ ಕನಿಷ್ಠ ಆರು ತಿಂಗಳು ಕಾಯುವುದು ಒಳಿತೆಂದು ವಿಶ್ವ ಆರೋಗ್ಯ ಸಂಸ್ಥೆಯು ಸಲಹೆ ನೀಡಿದೆ. ಕಾಯುವುದೆಂದರೆ ಸುಮ್ಮನೆ ದಿನ ನೂಕುವುದಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಮಹಿಳೆಯರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ರಕ್ತಹೀನತೆಯಿದೆ. ಹೆರಿಗೆಯಾದವಳಿಗೆ ದಿನಕ್ಕೊಂದರಂತೆ 180 ದಿನ ಕಬ್ಬಿಣಾಂಶದ ಮಾತ್ರೆ ಕೊಡಬೇಕೆಂದು ಸರಕಾರದ ಕಾರ್ಯಕ್ರಮವೇ ಹೇಳುತ್ತದೆ. ಎಷ್ಟು ಮನೆಗಳಲ್ಲಿ ಆ ಮಾತ್ರೆ ಕಪಾಟಿನಲ್ಲೇ ಉಳಿದಿದೆಯೆಂದು ನೀವೇ ತೆರೆದು ನೋಡಿರಿ. ಮಲ ಕಪ್ಪಾಗುತ್ತದೆ, ಹೊಟ್ಟೆ ಕಟ್ಟುತ್ತದೆ ಎಂದು ನಾಲ್ಕು ದಿನದಲ್ಲೇ ಬಿಟ್ಟವರೇ ಹೆಚ್ಚು. ಮಾತ್ರೆ ನುಂಗಿದ ಕೂಡಲೇ ಚಹಾ ಕುಡಿದರೆ ಅದರ ಪ್ರಯೋಜನ ಕುಗ್ಗುತ್ತದೆ, ಲಿಂಬೆ ಶರಬತ್ತಿನೊಂದಿಗೆ ಸೇವಿಸಿದರೆ ಹೆಚ್ಚುತ್ತದೆ ಎಂಬಷ್ಟನ್ನಾದರೂ ಆಕೆಗೆ ಹೇಳಿದವರಿಲ್ಲ.

ಬಸುರಿನಲ್ಲಿ ಸಕ್ಕರೆ ಕಾಯಿಲೆ ಕಂಡವಳ ವಿಷಯ ಇನ್ನೂ ಗಂಭೀರ. ಹೆರಿಗೆಯಾದೊಡನೆ ಸಕ್ಕರೆ ಇಳಿದರೆ ‘ಅಲ್‌ಹಮ್ದುಲಿಲ್ಲಾಹ್, ಗುಣವಾಯಿತು’ ಎಂದು ಎಲ್ಲರೂ ಮರೆಯುತ್ತಾರೆ. ಆದರೆ ಮುಂದೆ ಶಾಶ್ವತವಾಗಿ ಸಕ್ಕರೆ ಕಾಯಿಲೆ ತಗಲುವ ಸಂಭವ ಇತರರಿಗಿಂತ ಆಕೆಗೆ ಬಹಳ ಹೆಚ್ಚು. ಆದ್ದರಿಂದ ಆರು ವಾರಗಳ ನಂತರ ಒಮ್ಮೆ, ಆ ಮೇಲೆ ವರ್ಷಕ್ಕೊಮ್ಮೆಯಾದರೂ ಪರೀಕ್ಷೆ ಆಗಲೇಬೇಕು. ಬಸುರಿನಲ್ಲಿ ರಕ್ತದೊತ್ತಡ ಏರಿದವಳಿಗೂ ಇದೇ ಎಚ್ಚರಿಕೆ. ಫೋಲಿಕ್ ಆಮ್ಲದ ಮಾತ್ರೆಯನ್ನಂತೂ ಗರ್ಭ ನಿಲ್ಲುವುದಕ್ಕಿಂತ ಮುಂಚೆಯೇ ಆರಂಭಿಸಬೇಕು. ಮಗುವಿನ ಬೆನ್ನುಹುರಿಯ ಬುಡ ಮೊದಲ ನಾಲ್ಕು ವಾರಗಳಲ್ಲೇ ರೂಪುಗೊಳ್ಳುತ್ತದೆ. ಆಗ ತಾಯಿಗೆ ತಾನು ಗರ್ಭಿಣಿಯೆಂದೇ ತಿಳಿದಿರುವುದಿಲ್ಲ.

ಗಲ್ಫ್‌ನಲ್ಲಿರುವ ಸಹೋದರರೇ, ಈ ಮಾತು ವಿಶೇಷವಾಗಿ ನಿಮಗೆ. ನಿಮ್ಮ ರಜೆಯ ಲೆಕ್ಕಕ್ಕೂ ನಿಮ್ಮ ಪತ್ನಿಯ ದೇಹದ ಲೆಕ್ಕಕ್ಕೂ ಸಂಬಂಧವಿಲ್ಲ. ನೀವು ಬರುವುದು ಎರಡು ತಿಂಗಳಿಗೆ, ಹೋಗುವಾಗ ಆಕೆ ಪುನಃ ಗರ್ಭಿಣಿ, ತೊಟ್ಟಿಲ ಮಗುವಿಗೆ ಇನ್ನೂ ವರ್ಷ ತುಂಬಿಲ್ಲ. ಫೋನಿನಲ್ಲಿ ಮಗುವನ್ನು ವಿಚಾರಿಸುತ್ತೀರಿ, ಮನೆಯ ಮೇಲಂತಸ್ತಿನ ಸ್ಲ್ಯಾಬ್ ಬಿತ್ತೇ ಎಂದು ವಿಚಾರಿಸುತ್ತೀರಿ. ಆಕೆಯ ಹಿಮೋಗ್ಲೋಬಿನ್ ಎಷ್ಟಿದೆಯೆಂದು ಒಮ್ಮೆಯಾದರೂ ಕೇಳಿದ್ದೀರಾ? ಹಾಲೂಡುತ್ತಿರುವಾಗ ಗರ್ಭ ನಿಲ್ಲುವುದಿಲ್ಲವೆಂಬ ನಂಬಿಕೆಯನ್ನೂ ಪೂರ್ತಿ ನೆಚ್ಚಬೇಡಿರಿ. ಮೊದಲ ಆರು ತಿಂಗಳು, ಮಗುವಿಗೆ ಬರೀ ಎದೆಹಾಲು ಮಾತ್ರ ಕೊಡುತ್ತಿದ್ದು, ಮುಟ್ಟು ಮರಳದಿದ್ದರೆ ಮಾತ್ರ ಆ ಮಾತಿಗೆ ಬಲವಿದೆ.

ಅಂತರವಿಡುವುದೆಂದರೆ ಅಲ್ಲಾಹನ ವಿಧಿಯನ್ನು ತಡೆದಂತೆ ಎಂದು ಭಾವಿಸುವವರಿದ್ದಾರೆ. ಕುರ್‌ಆನ್ ಅವತೀರ್ಣವಾಗುತ್ತಿದ್ದ ಕಾಲದಲ್ಲೇ ಸಹಾಬಿಗಳು ಅಝ್ಲ್ ಮಾಡುತ್ತಿದ್ದರೆಂದು ಹಝ್ರತ್ ಜಾಬಿರ್(ರ) ತಿಳಿಸಿದ ವರದಿಯು ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಇದೆ. ಶಾಫಿಈ ವಿದ್ವಾಂಸರಾದ ಇಮಾಮ್ ಗಝ್ಝಾಲಿಯವರು(ರ) ಹೆರಿಗೆಯಿಂದ ಪತ್ನಿಯ ಜೀವಕ್ಕೆ ಬರಬಹುದಾದ ಅಪಾಯವನ್ನು ಅದಕ್ಕೆ ಒಪ್ಪತಕ್ಕ ಕಾರಣವೆಂದು ಎಣಿಸಿದ್ದಾರೆ. ದಾರಿದ್ರ್ಯದ ಭಯದಿಂದ ಸಂತಾನವನ್ನೇ ಬೇಡವೆನ್ನುವುದು ಬೇರೆ, ಹಾಲೂಡುವ ತಾಯಿಗೆ ಉಸಿರಾಡಲು ಬಿಡುವುದು ಬೇರೆ. ಯಾವ ಕ್ರಮ ತಕ್ಕುದೆಂದು ವೈದ್ಯೆಯಲ್ಲಿ ಕೇಳಿರಿ, ಸಂದೇಹವಿದ್ದರೆ ಆಲಿಮರಲ್ಲೂ ಕೇಳಿರಿ. ಆದರೆ ಇಬ್ಬರೂ ಕೂತು ಮಾತನಾಡಿ ತೀರ್ಮಾನಿಸಿರಿ. ಹಾಲು ಬಿಡಿಸುವ ವಿಷಯದಲ್ಲೂ ದಂಪತಿಗಳು ಪರಸ್ಪರ ಸಮಾಲೋಚಿಸಬೇಕೆಂದು ಕಲಿಸಿದ ಧರ್ಮ ನಮ್ಮದು.

ಇನ್ನು ಜಮಾಅತಿನ ಮಾತು. ಪ್ರವಾದಿವರ್ಯರ(ಸ) ಕಾಲದಲ್ಲಿ ಗಾಯಗೊಂಡ ಸಅದ್ ಬಿನ್ ಮುಆದ್‌ರಿಗೆ(ರ) ಮಸೀದಿಯಲ್ಲೇ ಡೇರೆ ಹಾಕಲಾಗಿತ್ತು. ಗಾಯಾಳುಗಳ ಶುಶ್ರೂಷೆ ಮಾಡುತ್ತಿದ್ದವರು ರುಫೈದಾ(ರ) ಎಂಬ ಮಹಿಳೆ. ಮಸೀದಿಯ ಅಂಗಳದಲ್ಲಿ ಆರೋಗ್ಯದ ಮಾತು ಬೇಡ ಎನ್ನುವವರು ಇದನ್ನು ಓದಲಿ. ನಮ್ಮ ಮಹಲ್ಲಗಳಲ್ಲಿ ಇಂದು ನರ್ಸಿಂಗ್ ಕಲಿತ, ವೈದ್ಯಕೀಯ ಓದಿದ ಹೆಣ್ಣುಮಕ್ಕಳಿದ್ದಾರೆ. ಮದ್ರಸದ ಒಂದು ಕೋಣೆ, ರಕ್ತದೊತ್ತಡ ನೋಡುವ ಒಂದು ಯಂತ್ರ, ಒಂದು ತೂಕದ ಮಾಪಕ, ತಿಂಗಳಿಗೊಂದು ಪೂರ್ವಾಹ್ನ ಸಾಕು. ಒಂದು ನಿಕಾಹ್‌ನ ಪಂದಲಿಗೆ ತಗಲುವ ಖರ್ಚಿನಲ್ಲಿ ಇದು ಹಲವು ವರ್ಷ ನಡೆದೀತು.

ದಿನ ಯಾವುದೆಂದು ಹುಡುಕಬೇಕಾಗಿಲ್ಲ. ತಾಯಂದಿರು ಮಗುವಿನ ಚುಚ್ಚುಮದ್ದಿಗೆ ಆರು, ಹತ್ತು, ಹದಿನಾಲ್ಕನೆಯ ವಾರಗಳಲ್ಲೂ, ಒಂಬತ್ತನೆಯ ತಿಂಗಳಲ್ಲೂ, ಒಂದೂವರೆ ವರ್ಷದ ಆಸುಪಾಸಿನಲ್ಲೂ ಹೇಗೂ ಹೊರಡುತ್ತಾರೆ. ಅದೇ ದಿನ ತಾಯಿಯ ರಕ್ತ, ಒತ್ತಡ, ತೂಕ ನೋಡಿದರಾಯಿತು. ಅಮೆರಿಕದ ಕುಟುಂಬ ವೈದ್ಯರ ಒಂದು ಜಾಲವು ಮಗುವಿನ ತಪಾಸಣೆಗೆ ಬಂದ ತಾಯಿಯಲ್ಲಿ ಕೆಲವೇ ಪ್ರಶ್ನೆಗಳನ್ನು ಕೇಳುವ ಕ್ರಮವನ್ನು ಜಾರಿಗೆ ತಂದಿದೆ: ಧೂಮಪಾನವಿದೆಯೇ, ಮನಸ್ಸು ಕುಗ್ಗಿದೆಯೇ, ಮುಂದಿನ ಗರ್ಭಕ್ಕೆ ಅಂತರದ ಯೋಚನೆಯೇನು, ಫೋಲಿಕ್ ಆಮ್ಲ ಸೇವಿಸುತ್ತೀರಾ. ಮೊದಲನೆಯದರ ಬದಲು ನಮ್ಮಲ್ಲಿ ‘ಸರಿಯಾಗಿ ಊಟ ಮಾಡುತ್ತೀಯಾ’ ಎಂದು ಕೇಳಬೇಕಾದೀತು. ಎಲ್ಲರಿಗೂ ಬಡಿಸಿ ಕೊನೆಗೆ ಉಳಿದದ್ದನ್ನು ಉಣ್ಣುವವಳು ಆಕೆಯಲ್ಲವೇ?

ಎರಡನೆಯ ಪ್ರಶ್ನೆಯನ್ನು ಯಾರೂ ಹಗುರವಾಗಿ ಕಾಣಬಾರದು. ಹೆರಿಗೆಯಾಗಿ ತಿಂಗಳುಗಳಾದರೂ ನಿದ್ದೆ ಬಾರದೆ, ಕಾರಣವಿಲ್ಲದೆ ಅಳುತ್ತ, ಮಗುವನ್ನು ಎತ್ತಿಕೊಳ್ಳಲೂ ಮನಸ್ಸಿಲ್ಲದವಳನ್ನು ‘ಸಿಹ್ರ್ ಆಗಿದೆ’ ಎಂದು ನೂಲು ಕಟ್ಟಿಸಲು ಕರೆದೊಯ್ಯುತ್ತಾರೆ, ಇಲ್ಲವೇ ಈಮಾನ್ ಕಡಿಮೆ ಎಂದು ಬೈಯುತ್ತಾರೆ. ಅದು ರೋಗ. ರೋಗಕ್ಕೆ ಔಷಧ ಹುಡುಕಬೇಕೆಂದು ಪ್ರವಾದಿವರ್ಯರು(ಸ) ಆಜ್ಞಾಪಿಸಿದ್ದಾರೆ. ದುಆ ಮಾಡಿರಿ, ಜೊತೆಗೆ ಮನೋವೈದ್ಯರ ಬಳಿಗೂ ಕರೆದೊಯ್ಯಿರಿ.

ಅತ್ತೆಯಂದಿರಿಗೂ ಒಂದು ವಿನಂತಿ. ಸೊಸೆ ಆಸ್ಪತ್ರೆಗೆ ಹೊರಟಾಗ ‘ನಾವೆಲ್ಲ ಎಂಟು ಹೆತ್ತಿಲ್ಲವೇ’ ಎನ್ನಬೇಡಿರಿ. ಹೆತ್ತು ತೀರಿಹೋದ ನಿಮ್ಮ ಓರಗೆಯವರು ಆ ಮಾತಿಗೆ ಉತ್ತರ ಕೊಡಲು ಈಗ ಇಲ್ಲ. ಆ ಎರಡು ಗಂಟೆ ಮಗುವನ್ನು ನೀವು ನೋಡಿಕೊಂಡರೆ ಸಾಕು, ಆಕೆ ಪರೀಕ್ಷೆ ಮುಗಿಸಿ ಲುಹರ್‌ಗೆ ಮುಂಚೆ ಮನೆ ಸೇರುತ್ತಾಳೆ.